ತೀರ್ಥದ ಜೊತೆಗೆ ಕೊಟ್ಟ ಮಾತ್ರೆ

"ಏಟು ಬಿದ್ದು ರಕ್ತ ಸುರಿದಿದೆಯಾ, ಇಲ್ಲ ರಕ್ತವೇ ಹೆಪ್ಪುಗಟ್ಟಿದೆಯಾ? ಎರಡರಲ್ಲಿ ಒಂದು ಹೇಳಿ, ಇನ್ಸ್‌ಪೆಕ್ಟ್ರೇ. ನನಗೆ ನಿಮ್ಮ ಪಂಚನಾಮೆ ಬೇಡ, ಉತ್ತರ ಬೇಕು."

ಚಿಕ್ಕಮಗಳೂರಿನ ನರ್ಸಿಂಗ್ ಹೋಮಿನಿಂದ ಫೋನಿನಲ್ಲಿ ಮಾತಾಡುತ್ತಿದ್ದ ಡಾಕ್ಟರ್ ಓಂಕಾರಮೂರ್ತಿಯವರ ಧ್ವನಿಯಲ್ಲಿ ಕೋಪಕ್ಕಿಂತ ಆತಂಕ ಹೆಚ್ಚಾಗಿತ್ತು. ಸಬ್‌ಇನ್ಸ್‌ಪೆಕ್ಟರ್ ನಿರಂಜನ ಅರ್ಚಕರ ಮನೆಯ ಫೋನಿನ ರಿಸೀವರನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದ.

ಹಿಂದಿನ ದಿನ ಬೆಳಿಗ್ಗೆ, ಗೋಣಿಬೀಡಿನ ಇದೇ ಮನೆಯ ಅಡುಗೆಕೋಣೆಯಲ್ಲಿ, ಅರ್ಚಕ ರಮಾಕಾಂತ ಭಟ್ಟರ ಸೊಸೆ ಪಂಚಮಿ ಒರಳುಕಲ್ಲಿನ ಪಕ್ಕ ಎಚ್ಚರ ತಪ್ಪಿ ಬಿದ್ದಿದ್ದಳು; ಎಡಹಣೆಯಲ್ಲಿ ಗಾಯವಿತ್ತು; ಅವಳ ಅಕ್ಕ ಕೊಟ್ಟ ಹಲ್ಲೆಯ ದೂರಿನ ಮೇಲೆ ಗಂಡ ಯಶವಂತ ಈಗ ಠಾಣೆಯ ಬೆಂಚಿನ ಮೇಲೆ ಕೂತಿದ್ದ.

"ಸ್ಕ್ಯಾನಿನಲ್ಲಿ ಏನೂ ಗೊತ್ತಾಗಲಿಲ್ವಾ, ಡಾಕ್ಟ್ರೇ?"

"ಮೆದುಳಿನೊಳಗೆ ರಕ್ತ ಕಾಣ್ತಿದೆ. ಏಟಿಗೆ ನಾಳ ಒಡೆದಿದ್ರೂ ಹಾಗೆ ಕಾಣಬಹುದು. ಮೆದುಳಿನಿಂದ ರಕ್ತ ವಾಪಸ್ ಹೊರಡೋ ಸಿರೆ ಹೆಪ್ಪುಗಟ್ಟಿ ಮುಚ್ಚಿಕೊಂಡು, ಒತ್ತಡಕ್ಕೆ ಹಿಂದೆ ಒಸರಿದ್ರೂ ಹಾಗೆ ಕಾಣಬಹುದು. ಬಿಡಿಸಿ ತೋರಿಸೋ ಯಂತ್ರ ಮಂಗಳೂರಲ್ಲಿದೆ. ಈ ಹುಡುಗಿಗೆ ಬಿಟ್ಟು ಬಿಟ್ಟು ಫಿಟ್ಸ್ ಬರ್ತಾ ಇದೆ. ಆಂಬುಲೆನ್ಸಿನಲ್ಲಿ ಹಾಕಿದ್ರೆ ಚಾರ್ಮಾಡಿ ಘಾಟಿ ಇಳಿಯೋವರೆಗೂ ಬದುಕೋದಿಲ್ಲ."

"ಹೆಪ್ಪು ಅಂತಾದ್ರೆ?"

"ಹೆಪರಿನ್ ಕೊಡಬೇಕು. ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಔಷಧ. ಈಗಿಂದೀಗ."

"ಏಟು ಅಂತಾದ್ರೆ?"

"ಹೆಪರಿನ್ ಕೊಟ್ಟರೆ ಒಡೆದ ನಾಳ ಮತ್ತೆ ಮುಚ್ಚೋದೇ ಇಲ್ಲ. ನಾನೇ ಕೊಂದ ಹಾಗೆ. ಮಧ್ಯಾಹ್ನದವರೆಗೆ ಕಾಯ್ತೇನೆ. ಆಮೇಲೆ ನಿಮ್ಮ ಉತ್ತರ ನಿಮ್ಮ ಕೇಸಿಗೆ ಬೇಕಾಗಬಹುದು, ನನಗಲ್ಲ."

ಫೋನು ಇಟ್ಟ ಸದ್ದಾಯಿತು.

ನಿರಂಜನ ಪೊಲೀಸ್ ಇಲಾಖೆ ಸೇರುವ ಮುನ್ನ ಓದಿದ್ದು ಜೀವರಸಾಯನಶಾಸ್ತ್ರ. ಆ ಓದು ಠಾಣೆಯಲ್ಲಿ ಎಂದೂ ಉಪಯೋಗಕ್ಕೆ ಬಂದಿರಲಿಲ್ಲ. ಗಡಿ ತಕರಾರಿಗೂ ಮೆಣಸಿನ ಕಳ್ಳತನಕ್ಕೂ ಅದರ ಅಗತ್ಯವಿರಲಿಲ್ಲ. ಇಂದು ಮಾತ್ರ ಮರೆತೆನೆಂದುಕೊಂಡ ಪಾಠವೊಂದು ತಾನಾಗಿ ಎದುರು ಬಂದು ನಿಂತಿತ್ತು.

ರಕ್ತದಲ್ಲಿ ಪ್ಲೇಟ್‌ಲೆಟ್ ಎಂಬ ಪುಟ್ಟ ಕಣಗಳಿವೆ. ಸುಮ್ಮನಿರುವಾಗ ಅವು ಚಪ್ಪಟೆ ಬಿಲ್ಲೆಗಳಂತೆ ತೇಲುತ್ತಿರುತ್ತವೆ, ಯಾರ ಗೊಡವೆಗೂ ಹೋಗುವುದಿಲ್ಲ. ಆದರೆ ಅವುಗಳ ಮೈತುಂಬ ಸಂದೇಶ ಹಿಡಿಯುವ ಗ್ರಾಹಕಗಳು. ಸಂದೇಶವೊಂದು ಮುಟ್ಟಿತೆಂದರೆ ಕಣದೊಳಗೆ ಕ್ಯಾಲ್ಸಿಯಂ ಉಕ್ಕುತ್ತದೆ, ನುಣುಪಾದ ಬಿಲ್ಲೆಗೆ ಮುಳ್ಳು ಮೂಡುತ್ತದೆ, ಅದು ಸಿಕ್ಕಲ್ಲಿ ಅಂಟಿಕೊಂಡು ತಾನೂ ಸಂದೇಶ ಬಿಡುಗಡೆ ಮಾಡಿ ಉಳಿದವುಗಳನ್ನು ಕರೆಯುತ್ತದೆ. ಆ ಮೊದಲ ಸಂದೇಶ ಸೀಳಿದ ನಾಳದಿಂದ ಬರಬಹುದು. ಭಯಪಟ್ಟಾಗ ಉಕ್ಕುವ ಹಾರ್ಮೋನು ಅದಕ್ಕೆ ಬಲ ಕೊಡಬಹುದು.

ಹೆಪ್ಪೇ ಆಗಿದ್ದರೆ, ಇಪ್ಪತ್ತನಾಲ್ಕರ ಗಟ್ಟಿಮುಟ್ಟಾದ ಹೆಣ್ಣಿನ ರಕ್ತಕ್ಕೆ ಸಂದೇಶ ಕಳಿಸಿದ್ದು ಯಾರು?

"ಸಾರ್, ಹಿಂದುಗಡೆ ಒಂದ್ಸಲ ನೋಡ್ತೀರಾ?" ಕಾನ್‌ಸ್ಟೇಬಲ್ ಬೆಳ್ಳಿಯಪ್ಪ ಬಾಗಿಲಲ್ಲಿ ನಿಂತಿದ್ದ. "ದೊಣ್ಣೆ, ಕತ್ತಿ ಎಂತ ಸಿಕ್ಕೀತು ಅಂತ ಹುಡುಕಿದೆ. ಎಂತದೂ ಇಲ್ಲ. ನಾಯಿ ತಟ್ಟೆ ಒಂದುಂಟು, ಅಷ್ಟೆ."

"ಈ ಮನೇಲಿ ನಾಯಿ ಇಲ್ವಲ್ಲ ಮಾರಾಯ."

"ಅದಕ್ಕೇ ನಿಮ್ಮನ್ನ ಕರೆದದ್ದು."

ಹಿತ್ತಿಲ ಜಗಲಿಯ ಕೊನೆಯಲ್ಲಿ, ಗೋಡೆಯಿಂದ ಗೋಡೆಗೆ ಒಂದಾಳು ಮಲಗುವಷ್ಟೇ ಜಾಗ. ಸುತ್ತಿಟ್ಟ ಚಾಪೆ, ಅಲ್ಯೂಮಿನಿಯಂ ತಟ್ಟೆ, ಬೋರಲು ಹಾಕದೆ ಇಟ್ಟ ಲೋಟ. ಪಕ್ಕದ ಎಸ್ಟೇಟಿನ ಕಣದಲ್ಲಿ ಕಾಫಿ ಒಣಗುವ ಕಾಲ. ಗಾಳಿಯಲ್ಲಿ ಬಂದ ಸಿಪ್ಪೆಯ ಹುಡಿ ಚಾಪೆಯ ಮೇಲೆ ಕಂದು ಬಟ್ಟೆ ಹೊದಿಸಿದಂತೆ ಕೂತಿತ್ತು. ನಿರಂಜನ ಲೋಟವನ್ನು ಎತ್ತಿ ಬೆಳಕಿಗೆ ಹಿಡಿದ. ಒಳಗೆ ಕಣಜವೊಂದು ಮಣ್ಣಿನ ಗೂಡು ಕಟ್ಟಿ ಮುಗಿಸಿತ್ತು. ಮಣ್ಣು ಒಣಗಿ ಕಲ್ಲಾಗಿತ್ತು. ಮರಿ ಬೆಳೆದು, ಗೂಡು ಕೊರೆದು ಹಾರಿಹೋದ ತೂತೂ ಕಾಣುತ್ತಿತ್ತು.

"ನಾಯಿದಲ್ಲ ಇದು," ಎಂದ ನಿರಂಜನ. "ಹೊರಗೆ ಕೂರುವ ಹೆಂಗಸರದ್ದು. ಮುಟ್ಟಾದಾಗ. ನಮ್ಮ ಅಜ್ಜಿ ಮನೇಲೂ ಹೀಗೇ ಒಂದು ಮೂಲೆ ಇತ್ತು."

ಬೆಳ್ಳಿಯಪ್ಪ ಎರಡು ಹೆಜ್ಜೆ ಹಿಂದಕ್ಕೆ ಸರಿದ. "ಅಯ್ಯೋ, ನಾನು ಮುಟ್ಟಿದೆನಲ್ಲ ಸಾರ್."

"ಎಂತದೂ ಆಗಲ್ಲ. ಇದನ್ನ ಯಾರೂ ಮುಟ್ಟದೆ ಎಷ್ಟೋ ಕಾಲವಾಗಿದೆ. ಪ್ರಶ್ನೆ ಅದೇ."

ಈ ಮನೆಯಲ್ಲಿ ಹೆಂಗಸರು ಇಬ್ಬರೇ. ಅತ್ತೆ ಸುಬ್ಬಲಕ್ಷ್ಮಿಯವರಿಗೆ ಆ ವಯಸ್ಸು ದಾಟಿದೆ. ಉಳಿದವಳು ಪಂಚಮಿ. ಅವಳು ಬಸುರಿಯಲ್ಲವೆಂದು ಆಸ್ಪತ್ರೆಯಲ್ಲಿ ಪರೀಕ್ಷಿಸಿಯಾಗಿದೆ. ಹಾಗಿದ್ದೂ ತಿಂಗಳಿಗೊಮ್ಮೆ ಬಿಚ್ಚಬೇಕಾದ ಚಾಪೆ ಬಿಚ್ಚಿಲ್ಲ, ತೊಳೆಯಬೇಕಾದ ಲೋಟ ತೊಳೆದಿಲ್ಲ.

ನಿರಂಜನ ಲೋಟವನ್ನು ಕೈಯಲ್ಲಿ ಹಿಡಿದೇ ಒಳಗೆ ನಡೆದ.

ಸುಬ್ಬಲಕ್ಷ್ಮಿ ದೇವರಕೋಣೆಯ ಹೊಸ್ತಿಲಿಗೆ ಒರಗಿ ಕೂತಿದ್ದರು. ಒಳಗೆ ನಂದಾದೀಪ ಉರಿಯುತ್ತಿತ್ತು. ಅವರ ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಪ್ಲಾಸ್ಟರಿನಲ್ಲಿತ್ತು. ಲೋಟ ಕಂಡೊಡನೆ ಮುಖದ ಬಣ್ಣ ಹೋಯಿತು.

"ಅದನ್ನ ಒಳಗೆ ತರಬಾರದು. ಇಡಿ ಹೊರಗೆ!"

"ಇಡ್ತೇನೆ ಅಮ್ಮ. ಒಂದು ಮಾತು ಹೇಳಿ. ನಿಮ್ಮ ಸೊಸೆ ಕೊನೆ ಸಲ ಹೊರಗೆ ಕೂತದ್ದು ಯಾವಾಗ?"

"ಗಂಡಸು ಕೇಳೋ ಮಾತಾ ಇದು? ಪೊಲೀಸಿನವರಾದ್ರೆ ನಾಚಿಕೆ ಇರಬಾರದಾ?"

"ನಾಚಿಕೆ ಇದೆ ಅಮ್ಮ. ಹೊತ್ತಿಲ್ಲ."

ಅವರು ಸೆರಗು ಎಳೆದುಕೊಂಡು ಮುಖ ತಿರುಗಿಸಿದರು. ನಿರಂಜನ ಲೋಟವನ್ನು ಜಗಲಿಯಾಚೆ ಇಟ್ಟು, ಕೈ ತೊಳೆದು ಬಂದು, ಅವರಿಂದ ದೂರದಲ್ಲಿ ನೆಲದ ಮೇಲೇ ಕೂತ.

"ದೇವಸ್ಥಾನದಲ್ಲಿ ಪ್ರತಿಷ್ಠೆ ಆಯ್ತು. ಅವತ್ತಿಂದ ನಲವತ್ತೆಂಟು ದಿನ ಮಂಡಲ ಪೂಜೆ. ಪ್ರತಿದಿನದ ನೈವೇದ್ಯ ಅರ್ಚಕರ ಮನೆಯಿಂದಲೇ ಹೋಗಬೇಕು, ಅಲ್ವಾ?"

"ಹೌದು. ಅದರಲ್ಲಿ ಎಂತ ತಪ್ಪು?"

"ತಪ್ಪಿಲ್ಲ. ನಿಮ್ಮ ಕೈ ಮುರಿದಿದೆ. ಬೇಯಿಸುವವಳು ಪಂಚಮಿ ಒಬ್ಬಳೇ. ಅವಳು ಹೊರಗಾದ್ರೆ ದೇವರಿಗೆ ನೈವೇದ್ಯ ಇಲ್ಲ. ಆದರೆ ಒಂದು ದಿನವೂ ತಪ್ಪಲಿಲ್ಲ."

"ದೇವಿ ದಯೆ."

"ದೇವಿ ದಯೆ ಮೆಡಿಕಲ್ ಶಾಪಿನಲ್ಲಿ ಸಿಗುತ್ತಾ ಅಮ್ಮ?"

ಸುಬ್ಬಲಕ್ಷ್ಮಿ ಥಟ್ಟನೆ ತಿರುಗಿದರು. ಕಣ್ಣುಗಳಲ್ಲಿ ಮೊದಲು ಸಿಟ್ಟು ಕಂಡಿತು, ಅದರ ಬೆನ್ನಿಗೇ ಭಯ.

"ನಾನು ಅವಳಿಗೆ ವಿಷ ಕೊಟ್ಟೆ ಅಂತೀರಾ?"

"ನಾನು ಹಾಗೆ ಅನ್ನಲಿಲ್ಲ. ಮುಟ್ಟು ಮುಂದೆ ಹಾಕೋ ಮಾತ್ರೆ ಕೊಟ್ರಾ ಅಂತ ಕೇಳ್ತಾ ಇದ್ದೇನೆ."

"ಕೊಟ್ಟರೆ ಎಂತ? ಮದುವೆ ಅಂತ, ಗೃಹಪ್ರವೇಶ ಅಂತ, ಸತ್ಯನಾರಾಯಣ ಪೂಜೆ ಅಂತ ಊರ ಹೆಂಗಸರೆಲ್ಲ ನುಂಗೋದಿಲ್ವಾ? ನಿಮ್ಮ ಹೆಂಡ್ತಿ ನುಂಗಿಲ್ವಾ, ಕೇಳಿ ನೋಡಿ!"

"ಎರಡು ಮೂರು ದಿನಕ್ಕೆ ನುಂಗ್ತಾರೆ. ಇಡೀ ಮಂಡಲಕ್ಕಲ್ಲ."

ಹೊರಗೆ ಕಾಫಿ ಕಣದಲ್ಲಿ ಆಳುಗಳು ಬೀಜ ಕೆದಕುವ ಗೋರುಮಣೆಯ ಸದ್ದು ಒಂದೇ ಸಮನೆ ಕೇಳುತ್ತಿತ್ತು.

"ಅಮ್ಮ, ಹೆಜ್ಜೇನು ನೋಡಿದ್ದೀರಲ್ಲ? ಒಂದು ಹುಳ ಕಚ್ಚಿದ್ರೆ ಎಂತ ಆಗುತ್ತೆ?"

"ಎಂತ ಆಗೋದು? ಎಲ್ಲಾ ಎದ್ದು ಬರ್ತವೆ. ಒಂದರ ವಾಸನೆಗೆ ಇನ್ನೊಂದು."

"ರಕ್ತದಲ್ಲೂ ಹಾಗೇ. ಗಾಯ ಆದ್ರೆ ಒಂದು ಕಣ ಅಂಟಿಕೊಂಡು ಉಳಿದದ್ದನ್ನ ಕರೆಯುತ್ತೆ. ಅದಕ್ಕೇ ರಕ್ತ ನಿಲ್ಲೋದು, ಅದಕ್ಕೇ ನಾವು ಬದುಕಿರೋದು. ಈ ಮಾತ್ರೆ ಹಾರ್ಮೋನಿನದ್ದು. ದಿನವೂ ಹೊಟ್ಟೆಗೆ ಬಿದ್ದರೆ ಕೆಲವರ ರಕ್ತ ಕಲ್ಲು ತಾಗಿದ ಜೇನುಗೂಡಿನ ಹಾಗೆ ಆಗಿಬಿಡುತ್ತೆ. ಗಾಯ ಇಲ್ಲದ ಕಡೆಯೂ ಎದ್ದು ಮುತ್ತಿಕೊಳ್ಳುತ್ತೆ. ಮೇಲೆ ಉಪವಾಸ. ನೀರೂ ಕುಡಿಯದೆ ಒಲೆ ಮುಂದೆ ಕೂತದ್ದು. ತಲೆನೋವು ಅಂತಿದ್ದಳಾ?"

ಸುಬ್ಬಲಕ್ಷ್ಮಿ ಹೌದೆಂದು ತಲೆಯಾಡಿಸಿದರು. "ಒದ್ದೆ ಬಟ್ಟೆ ಕಟ್ಟಿಕೊಂಡೇ ಅಡುಗೆ ಮಾಡಿದಳು. ವಾಂತಿ ಮಾಡಿದಳು. ಪಿತ್ತ ಅಂದೆ."

"ಮೊನ್ನೆ ಸಂಜೆ ಮನೇಲಿ ಜೋರು ಮಾತು ಕೇಳಿತು ಅಂತ ಪಕ್ಕದವರು ಹೇಳ್ತಾರೆ."

"ಯಶವಂತಂದು. ಚಿಕ್ಕಮಗಳೂರಿಗೆ ಕರ್ಕೊಂಡು ಹೋಗ್ತೇನೆ ಅಂದ. ಮಂಡಲ ಮುಗಿಯೋಕೆ ಎರಡೇ ದಿನ ಉಳಿದಿದೆ, ಮುಗೀಲಿ ಅಂದೆ. ನನ್ನ ಮೇಲೆ ಕೂಗಾಡಿದ, ಅವಳ ಮೇಲಲ್ಲ. ಅವಳ ಮೇಲೆ ನನ್ನ ಮಗ ಕೈ ಎತ್ತಿದವನಲ್ಲ, ಸ್ವಾಮಿ!"

"ಇದನ್ನ ನಿನ್ನೆ ಠಾಣೆಯಲ್ಲಿ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಮಾತ್ರೆ ವಿಷಯ ಬರ್ತದಲ್ಲ!" ಅವರು ಪ್ಲಾಸ್ಟರಿನ ಕೈಯನ್ನು ಎದೆಗೆ ಒತ್ತಿಕೊಂಡರು. "ಇವರಿಗೆ ಗೊತ್ತಿಲ್ಲ. ಮಾತ್ರೆ ನುಂಗಿಸಿ ಮಾಡಿಸಿದ ಪೂಜೆ ಅಂತ ಊರಿಗೆ ಗೊತ್ತಾದ್ರೆ ಇವರು ಮತ್ತೆ ಗರ್ಭಗುಡಿಗೆ ಹೋಗೋ ಹಾಗಿದೆಯಾ? ಒಂದು ಕಡೆ ಮಗ, ಒಂದು ಕಡೆ ಗಂಡ. ನಾನು ಎಂತ ಮಾಡಬೇಕಿತ್ತು?"

ನಿರಂಜನನ ಮನಸ್ಸಿನಲ್ಲಿ ಎಲ್ಲವೂ ತನ್ನ ತನ್ನ ಜಾಗಕ್ಕೆ ಬಂದು ಕೂತಿತ್ತು. ಮಾತ್ರೆ, ಉಪವಾಸ, ದಿನಗಟ್ಟಲೆ ತಲೆನೋವು, ವಾಂತಿ, ಫಿಟ್ಸ್, ಫಿಟ್ಸ್ ಬಂದು ಬಿದ್ದಾಗ ಒರಳುಕಲ್ಲಿನ ಅಂಚು ತಾಗಿದ ಹಣೆ. ಒಂದಕ್ಕೊಂದು ಕೊಂಡಿ ತಪ್ಪದ ಸರಪಣಿ. ಸರಪಣಿ ಅಷ್ಟು ಸಲೀಸಾಗಿ ಕೂಡಿಕೊಂಡಾಗ ಇನ್ನೊಮ್ಮೆ ಎಳೆದು ನೋಡಬೇಕೆಂಬುದು ಅವನದೇ ನಿಯಮ. ಆದರೆ ಗೋಡೆಯ ಗಡಿಯಾರ ಮಧ್ಯಾಹ್ನಕ್ಕೆ ಹತ್ತಿರವಾಗುತ್ತಿತ್ತು.

ಅವನು ಎದ್ದು ನಂಬರು ತಿರುಗಿಸಿದ.

"ಹೆಪ್ಪು, ಡಾಕ್ಟ್ರೇ. ಮಂಡಲ ಪೂರ್ತಿ ಮುಟ್ಟು ಮುಂದೆ ಹಾಕೋ ಮಾತ್ರೆ ಕೊಟ್ಟಿದ್ದಾರೆ. ಬೀಳೋ ಮೊದಲೇ ತಲೆನೋವು, ವಾಂತಿ ಇತ್ತು."

"ಖಾತ್ರಿಯಾ?"

"ಕೊಟ್ಟವರೇ ಹೇಳಿದ್ದಾರೆ."

"ಸರಿ. ಹೆಪರಿನ್ ಶುರು ಮಾಡ್ತೇನೆ." ನರ್ಸನ್ನು ಕೂಗಿ ಕರೆದದ್ದು ಫೋನಿನಲ್ಲೇ ಕೇಳಿಸಿತು.

ನಿರಂಜನ ರಿಸೀವರ್ ಇಟ್ಟ. ಬೆಳ್ಳಿಯಪ್ಪ ಹಲ್ಲು ಬಿಟ್ಟು ನಕ್ಕ. "ಹಾಗಾದ್ರೆ ಆ ಯಶವಂತನನ್ನ ಬಿಡೋದಾ ಸಾರ್? ಬೆಳಗಿಂದ ಒಂದು ತೊಟ್ಟು ಚಾನೂ ಕುಡಿದಿಲ್ಲ ಪಾಪ."

"ಹೇಳಿಕೆ ಬರೆದುಕೊಂಡು ಬಿಡೋಣ. ಅಮ್ಮ, ನೀವು ಮಾತ್ರೆ ಕೊಡ್ತಿದ್ದದ್ದು ಯಾವ ಹೊತ್ತಿಗೆ?"

"ಬೆಳಿಗ್ಗೆ, ರಾತ್ರಿ. ದೇವರ ತೀರ್ಥದ ಜೊತೆಗೆ." ಹೇಳಿಬಿಟ್ಟ ಹಗುರದಲ್ಲಿ ಅವರ ಧ್ವನಿ ತುಸು ಚೇತರಿಸಿಕೊಂಡಿತ್ತು. "ಅಂಗೈಗೆ ಹಾಕಿ, ಮೇಲೆ ಒಂದು ಉದ್ಧರಣೆ ತೀರ್ಥ ಬಿಡ್ತಿದ್ದೆ. ನನ್ನೆದುರೇ ಬಾಯಿಗೆ ಹಾಕ್ಕೊಳ್ತಿದ್ದಳು."

"ನುಂಗಿದ್ದನ್ನ ನೋಡಿದ್ದೀರಾ?"

ಅದು ಹೇಳಿಕೆಯ ಕ್ರಮಕ್ಕಾಗಿ ಕೇಳಿದ ಪ್ರಶ್ನೆ, ಅಷ್ಟೇ. ಸುಬ್ಬಲಕ್ಷ್ಮಿ ಅವನನ್ನು ವಿಚಿತ್ರವಾಗಿ ನೋಡಿದರು.

"ಎಂತ ಮಾತಾಡ್ತೀರಿ? ತೀರ್ಥದ ಜೊತೆ ಬಾಯಿಗೆ ಹೋದದ್ದನ್ನ ಯಾರಾದ್ರೂ ಉಗುಳ್ತಾರಾ?"

"ಉಗುಳಿದ್ದಾಳೆ."

ಹೇಳಿದ್ದು ರಮಾಕಾಂತ ಭಟ್ಟರು. ದೇವಸ್ಥಾನದಿಂದ ಬಂದವರು ಯಾವಾಗ ಬಾಗಿಲಲ್ಲಿ ನಿಂತರೋ ಯಾರೂ ಗಮನಿಸಿರಲಿಲ್ಲ. ಮಡಿ ಪಂಚೆ, ಹೆಗಲ ಮೇಲೆ ಒದ್ದೆ ಪಾಣಿಪಂಚೆ, ಸೌಮ್ಯವಾದ ಮುಖ. ಊರಿನಲ್ಲಿ ಅವರು ಗಟ್ಟಿಯಾಗಿ ಮಾತಾಡಿದ್ದನ್ನು ಕೇಳಿದವರಿಲ್ಲ.

"ಎಂತ ಅಂದ್ರಿ ಭಟ್ರೇ?"

"ಬನ್ನಿ, ತೋರಿಸ್ತೇನೆ."

ಹಿತ್ತಿಲಲ್ಲಿ, ನೆಲ್ಲಿಮರದ ಬುಡದಲ್ಲಿ, ದೇವರ ನಿರ್ಮಾಲ್ಯ ಸುರಿಯುವ ಗುಂಡಿಯಿತ್ತು. ಪೂಜೆ ಮುಗಿದ ಹೂವುಗಳನ್ನು ಯಾರೂ ತುಳಿಯಬಾರದೆಂದು ಸುತ್ತ ಕಲ್ಲು ಜೋಡಿಸಿದ್ದರು. ಭಟ್ಟರು ಕೋಲಿನಿಂದ ಒಣಗಿದ ದಾಸವಾಳ, ತುಂಬೆ, ತುಳಸಿಯ ರಾಶಿಯನ್ನು ಸರಿಸಿದರು. ಹೂವಿನ ಪದರಗಳ ನಡುವೆ ಬಿಳಿಯ ಪುಟ್ಟ ಮಾತ್ರೆಗಳು ಸಿಕ್ಕಿಕೊಂಡಿದ್ದವು. ಕೆಲವು ಉಬ್ಬಿ ಒಡೆದಿದ್ದವು. ಕೆಲವಕ್ಕೆ ಹೂವಿನ ಕೆಂಪು ಹತ್ತಿತ್ತು.

"ನಿರ್ಮಾಲ್ಯದ ಬುಟ್ಟಿ ತುಂಬಿಸೋದು ಅವಳೇ," ಎಂದರು ಭಟ್ಟರು. "ಇಲ್ಲಿ ಸುರಿಯೋದು ನಾನು."

ನಿರಂಜನ ಕುಕ್ಕರುಗಾಲಿನಲ್ಲಿ ಕೂತು ಮಾತ್ರೆಗಳನ್ನು ಅಂಗೈಗೆ ಹಾಕಿಕೊಂಡ. ಎಲ್ಲವನ್ನೂ ಉಗುಳಿದ್ದಳೋ, ಕೆಲವನ್ನು ಮಾತ್ರವೋ? ಕರಗಿ ಮಣ್ಣಾದವೆಷ್ಟು, ಹೊಟ್ಟೆ ಸೇರಿದವೆಷ್ಟು? ಆ ರಾಶಿ ಇದಾವುದನ್ನೂ ಹೇಳುವಂತಿರಲಿಲ್ಲ. ನುಂಗಿರದಿದ್ದರೆ ಸರಪಣಿಯ ಮೊದಲ ಕೊಂಡಿಯೇ ಇಲ್ಲ. ನುಂಗಿರದಿದ್ದರೆ ಅವಳು ಮುಟ್ಟಾಗಿದ್ದಾಳೆ. ಮುಟ್ಟಾಗಿಯೂ ಆ ಚಾಪೆ ಬಿಚ್ಚದೆ, ಯಾರಿಗೂ ಹೇಳದೆ, ನೈವೇದ್ಯ ಬೇಯಿಸಿದ್ದಾಳೆ.

ಹಿಂದೆಯೇ ಬಂದಿದ್ದ ಸುಬ್ಬಲಕ್ಷ್ಮಿಯವರಿಗೂ ಅದು ಅದೇ ಕ್ಷಣದಲ್ಲಿ ಹೊಳೆದಿರಬೇಕು. ಅವರು ಗೋಡೆ ಹಿಡಿದುಕೊಂಡರು. "ಹಾಗಾದ್ರೆ... ಅಷ್ಟೂ ದಿನ ಅವಳು ದೇವರಕೋಣೆಗೆ..."

"ಭಟ್ರೇ, ನಿಮಗೆ ಇದು ಗೊತ್ತಾದದ್ದು ಯಾವಾಗ?"

"ಸ್ವಲ್ಪ ದಿನ ಆಯ್ತು. ಮೊದಲು ಎಂತದೋ ನೆಗಡಿ ಮಾತ್ರೆ ಅಂದುಕೊಂಡೆ. ಆಮೇಲೆ ಅರ್ಥವಾಯ್ತು."

"ಸೊಸೆಯನ್ನ ಕೇಳಿದ್ರಾ?"

ಭಟ್ಟರು ಕೋಲನ್ನು ಮರಕ್ಕೆ ಒರಗಿಸಿದರು. ಅದು ಜಾರದಂತೆ ಎರಡು ಸಲ ಸರಿಪಡಿಸಿದರು.

"ಕೇಳಿದೆ. ನಿನ್ನೆ ಬೆಳಿಗ್ಗೆ. ಅಡುಗೆಕೋಣೆಯಲ್ಲಿ."

ಹಿಂದಿನ ದಿನ ಅವರು ಕೊಟ್ಟಿದ್ದ ಹೇಳಿಕೆ ಬೇರೆಯಿತ್ತು. ಬೆಳಗಿನ ಜಾವದಿಂದ ಸೊಸೆ ಬಿದ್ದ ಸುದ್ದಿ ಬರುವವರೆಗೂ ತಾವು ಗರ್ಭಗುಡಿ ಬಿಟ್ಟು ಕದಲಿಲ್ಲವೆಂದು ಅವರೇ ಸಹಿ ಹಾಕಿದ್ದರು. ಬೆಳ್ಳಿಯಪ್ಪನ ನಗು ಮಾಯವಾಗಿತ್ತು.

ನಿರಂಜನ ಓಡಿದ. ನಂಬರು ತಿರುಗಿಸುವ ಬೆರಳು ಒಮ್ಮೆ ತಪ್ಪಿತು. ಎರಡನೆಯ ಸಲ ಲೈನು ಸಿಕ್ಕಿತು.

"ಡಾಕ್ಟ್ರೇ, ನಿರಂಜನ. ಹೆಪರಿನ್—"

"ಹೋಗ್ತಾ ಇದೆ. ಯಾಕೆ?"

"ಅವಳು ಮಾತ್ರೆ ನುಂಗಿಲ್ಲದೆ ಇರಬಹುದು. ಏಟೂ ಇರಬಹುದು."

"ಇರಬಹುದು ಅಂದ್ರೆ ಹೇಗೆ ಸ್ವಾಮಿ? ಏಟಾಗಿದ್ರೆ ಈ ಕ್ಷಣ ನಿಲ್ಲಿಸಿ ಔಷಧದ ಪ್ರಭಾವ ಮುರೀಬೇಕು. ಹೆಪ್ಪೇ ಆಗಿದ್ದು ನಿಲ್ಲಿಸಿಬಿಟ್ರೆ ಅವಳು ಉಳಿಯೋದಿಲ್ಲ. ಒಂದು ಹೇಳಿ!"

"ಒಂದು ನಿಮಿಷ."

ಅವನು ರಿಸೀವರನ್ನು ಎದೆಗೆ ಒತ್ತಿ ತಿರುಗಿದ. ಭಟ್ಟರು ಒಳಗೆ ಬಂದು ದೇವರಕೋಣೆಯ ಬಾಗಿಲಲ್ಲಿ, ನಂದಾದೀಪಕ್ಕೆ ಎದುರಾಗಿ ನಿಂತಿದ್ದರು.

"ಭಟ್ರೇ, ಕೇಸು ಆಮೇಲೆ. ಈಗ ಅವಳ ಜೀವ. ನೀವು ಒಳಗೆ ಹೋದಾಗ ಅವಳು ಬಿದ್ದಿದ್ದಳಾ?"

"ಇಲ್ಲ. ಒರಳಿನ ಮುಂದೆ ಕೂತಿದ್ದಳು. ತಲೆ ಹಿಡಿದುಕೊಂಡು."

"ಕೇಳಿದಾಗ ಎಂತ ಅಂದಳು?"

"ಎದ್ದು ನಿಂತಳು. ನಿಂತು ನಕ್ಕಳು." ಭಟ್ಟರ ಧ್ವನಿ ಮೊದಲ ಬಾರಿಗೆ ಬಿರುಕುಬಿಟ್ಟಿತು. "'ದೇವಿಗೆ ಗೊತ್ತಾಗಲಿಲ್ಲ ಮಾವ, ನಿಮಗೆ ಹೇಗೆ ಗೊತ್ತಾಯ್ತು' ಅಂದಳು."

"ಆಮೇಲೆ? ನೀವು ಅವಳನ್ನ ತಳ್ಳಿದ್ರಾ, ಅವಳಾಗಿ ಬಿದ್ದಳಾ?"

"ನಾನು ಮಡಿಯಲ್ಲಿದ್ದೆ," ಎಂದರು ಭಟ್ಟರು. "ಮಡಿಯಲ್ಲಿ ಇದ್ದವನು ಅಂಥವಳನ್ನ ಮುಟ್ಟುತ್ತಾನಾ?"

"ದೀಪ ಮುಟ್ಟಿ ಹೇಳಿ. ಆಣೆಯಿಟ್ಟು ಹೇಳಿ, ನಂಬ್ತೇನೆ."

ಸುಬ್ಬಲಕ್ಷ್ಮಿ ಬಾಯಿಗೆ ಸೆರಗು ಒತ್ತಿಕೊಂಡು ಗಂಡನ ಮುಖವನ್ನೇ ನೋಡುತ್ತಿದ್ದರು. ರಮಾಕಾಂತ ಭಟ್ಟರು ಬಲಗೈ ಚಾಚಿದರು. ಕೈ ದೀಪದ ಹತ್ತಿರ ಹೋಯಿತು. ಜ್ವಾಲೆಗೆ ಒಂದು ಗೇಣಿನಷ್ಟು ದೂರದಲ್ಲಿ ನಿಂತಿತು. ಬೆರಳುಗಳು ಮಡಚಿಕೊಂಡವು. ಕೈ ನಿಧಾನವಾಗಿ ಕೆಳಗಿಳಿದು ಪಂಚೆಯ ಮಡಿಕೆಯೊಳಗೆ ಸೇರಿಕೊಂಡಿತು.

ನಿರಂಜನನ ಎದೆಗೆ ಒತ್ತಿಕೊಂಡಿದ್ದ ರಿಸೀವರಿನೊಳಗಿಂದ ಧ್ವನಿ ಕೂಗುತ್ತಲೇ ಇತ್ತು:

"ಹಲೋ! ಇನ್ಸ್‌ಪೆಕ್ಟ್ರೇ! ನಿಲ್ಲಿಸಲಾ, ಬೇಡ್ವಾ?"